ಕಲ್ಲು ಮುಳುಗೂ ತನಕ

ಕಾರಂಜಾ ಹಿನ್ನೀರಿನಾಗ ನನ್ನ ದಿಬ್ಬ.
ನನ್ನ ಅಂದ್ರ, ದಿನಗೂಲಿ ವಾಚರ್ ಝರೆಪ್ಪಂದು,
ಖರೇ ಅಂದ್ರ ಇಲಾಖೆದು,
ಅದಕ್ಕೂ ಖರೇ ಅಂದ್ರ
ಮೂವತ್ತೊಂದು ಜೋಡಿ ಕತ್ತರಿಬಾಲದ ಹಕ್ಕಿಗೋಳದು.
ಸಾಹೇಬರು ಅದಕ್ಕ ರೀವ ಅಂತಾರ, ಪುಸ್ತಕ ನೋಡಿ.
ಕತ್ತರಿಬಾಲ ಅಂತ ಹೆಸರಿಟ್ಟಾಂವ ಹರಿಗೋಲಿನ ಮೌಲಾಲಿ;
ಮೀನ ಕಸಗೊಂಡು ಹೋಗೋದು ಅವನ ಕಣ್ಣೆದುರಿಗೇ ಅಲ್ಲಾ.

ಎಂಟು ದಿನಕ್ಕೊಮ್ಮೆ ಅಂವ ಬರ್ತಾನ.
ಕಡಕ್ ರೊಟ್ಟಿ, ಶೇಂಗಾ ಹಿಂಡಿ,
ಸುತ್ತೂ ಕಡಿ ನೀರಿದ್ರೂ ಒಂದು ಕ್ಯಾನ ನೀರು,
ಬ್ಯಾಟರಿಗೆ ಸೆಲ್ಲು,
ಮತ್ತ ಪಗಾರ ಬಂದಿಲ್ಲ ಅನ್ನೋ ಸುದ್ದಿ.

ದುರ್ಬೀನಿನ ಒಂದು ಕಣ್ಣಿಗೆ ಬೂಷ್ಟು ಹಿಡದದ,
ಇನ್ನೊಂದರಾಗೇ ನೋಡ್ತೀನಿ.
ತತ್ತಿ ಅಂದ್ರ ತತ್ತಿ ಅಲ್ಲ, ಹರಳು.
ಹರಳು ಅಂದ್ರ ಹರಳಲ್ಲ, ಒಳಗ ಏನೋ ಅಲಗಾಡ್ತದ.
ಮೊದಲ ವರ್ಷ ಒಂದನ್ನ ತುಳದೆ.
ಕಾಲ ಕೆಳಗಿನ ಆ ಸಪ್ಪಳ
ಇವತ್ತಿಗೂ ಚಪ್ಪಲಿ ಬಿಡಿಸಿ ನಡಸ್ತದ ನನಗ,
ಮೇ ತಿಂಗಳ ಉಸುಕಿನ ಮ್ಯಾಗೂ.

ದಡಕ್ಕೂ ದಿಬ್ಬಕ್ಕೂ ನಡುವ ನೀರಾಗ
ಮುಳುಗಿದ ಊರಿನ ಹಳೇ ರಸ್ತಾ ಮಲಗ್ಯದ,
ಅದರ ಬಾಜೂಕ ಒಂದು ಮೈಲಿಗಲ್ಲು.
ಮಾಘದಾಗ ಅದರ ನೆತ್ತಿ ಕಾಣ್ತದ, ಬೋಳು.
ಹೋಳಿ ಹುಣ್ಣಿವಿಗೆ 'ಬೀದರ' ಅಂತ ಓದ್ಲಾಕ ಬರ್ತದ.
ಉಗಾದಿ ದಾಟಿದ ಮ್ಯಾಲ ಕೆಳಗಿನ '೨೭'.
ಕಲ್ಲಿನ ಬುಡ ಕಂಡ ದಿನ
ನನ್ನ ನಡುಗಡ್ಡಿ ನಡುಗಡ್ಡಿ ಅಲ್ಲ.
ರಸ್ತಾ ಎದ್ದು ಕುಂತದ,
ನಾಯಿ ನಡ್ಕೋತ ಬರ್ತಾವ.

ಗಸ್ತು ಅಂದ್ರ ಇಷ್ಟೇ:
ಆ ಕಲ್ಲಿಗೆ ಬೆನ್ನ ಹಚ್ಚಿ ರಾತ್ರೆಲ್ಲಾ ಕೂಡೋದು,
ಒಂದು ಕೋಲು, ಒಂದು ತಗಡಿನ ಡಬ್ಬಿ.
ಬಾರಿಸ್ತೀನಿ, ನಾಯಿ ಹೋಗ್ತಾವ.
ಬಾರಿಸ್ತೀನಿ, ನರಿ ನಿಂತು ನೋಡ್ತದ
ಆಫೀಸಿನ ಕಾರಕೂನ ನೋಡಿದಂಗ.

ಒಂದು ಕರೀ ಹೆಣ್ಣನಾಯಿ ಬರ್ತಿತ್ತು,
ಮೊಲಿ ಜೋತು ಬಿದ್ದು, ಪಕ್ಕೆಲುಬು ಎಣಿಸ್ಲಾಕ ಬರೂ ಹಂಗ.
ಅದಕ್ಕ ಡಬ್ಬಿ ಬಾರಿಸ್ಲಾಕ ಕೈ ಏಳಲಿಲ್ಲ.
ಅರ್ಧ ರೊಟ್ಟಿ ಒಗದೆ. ಮರುದಿನ ಮತ್ತರ್ಧ.
ಲಂಚ ಕೊಟ್ಟೆ ಅನ್ರಿ. ಹದಿನೈದು ದಿನ ನಡೀತು.

ಆಮ್ಯಾಲ ಜ್ವರ ಬಂತು.
ಮೌಲಾಲಿ ಬರೋ ದಿನ ಅಲ್ಲ,
ಸಿಗ್ನಲ್ ಸಿಗೋ ಬಂಡಗಲ್ಲಿನ ತನಕ ಕಾಲೂ ನಡೀಲಿಲ್ಲ,
ತಟ್ಟಿನ ಗುಡಿಸಲಾಗ ಬಿದ್ದೆ.
ಮುಂಜಾನಿ ಆಕಾಶದ ತುಂಬ ಚೀರಾಟ,
ಕೆಳಗ ಹನ್ನೆರಡು ಗೂಡು ಬರೇ ಉಸುಕು.
ಉಸುಕಿನ ಮ್ಯಾಲ ಹೆಜ್ಜಿ. ಯಾರ ಹೆಜ್ಜಿ ಅಂತ ನಾ ಬಗ್ಗಿ ನೋಡ್ಲಿಲ್ಲ.
ನೋಡಿದ್ರ ಗುರ್ತ ಹಿಡೀತಿದ್ದೆ.

ರಿಜಿಸ್ಟರದಾಗ 'ಕಾರಣ' ಅಂತ ಒಂದು ಖಾನೆ ಅದ.
'ನಾ ಮಲಗಿದ್ದೆ' ಅಂತ ಬರದೆ.
ಸಾಹೇಬರು ಓದಿದ್ರು, ಚಷ್ಮಾ ತೆಗದ್ರು,
ಅದರ ಮ್ಯಾಲ ಗೆರಿ ಹೊಡದು 'ನೈಸರ್ಗಿಕ' ಅಂತ ಬರದ್ರು.
ಒಳ್ಳೇ ಮನಷ್ಯಾರು, ನನ್ನ ಕೂಲಿ ಉಳೀಲಿ ಅಂತ.
ಗೆರಿ ತೆಳುವ ಅದ,
ಕೆಳಗಿಂದು ಇನ್ನೂ ಓದ್ಲಾಕ ಬರ್ತದ.

ಉಳದ ಗೂಡಿನಾಗ ಮರಿ ಹೊಂಟ್ವು.
ಬಣ್ಣ ಉಸುಕಿಂದು, ಬಾಯಿ ಮಾತ್ರ ಕೆಂಪಗ.
ಕುಂತು ಎಣಿಸ್ತೀನಿ: ಇಪ್ಪತ್ತೆಂಟು, ಇಪ್ಪತ್ತಾರು,
ಮತ್ತ ಇಪ್ಪತ್ತೆಂಟು.
ಕರೀ ನಾಯಿ ತಿರುಗಿ ಬರ್ಲಿಲ್ಲ.
ಅರ್ಧ ರೊಟ್ಟಿ ತೆಗದಿಡೋ ಚಾಳಿ ನನ್ನಿಂದ ಹೋಗ್ಲಿಲ್ಲ.

ಮಿರಗ ಕೂಡ್ತು.
ಎಲ್ಲೋ ಮ್ಯಾಲ ಮಳಿ ಆಗಿರಬೇಕು,
ಕೆಂಪು ನೀರು ಸಪ್ಪಳಿಲ್ಲದ ಬಂತು.
'೨೭' ಮುಳುಗ್ತು. ಸಂಜಿಗೆ 'ಬೀದರ'ನೂ ಹೋತು.
ಈಗ ಬೀದರ ಎಷ್ಟು ದೂರ ಅಂತ ಹೇಳ್ಲಾಕ ಯಾರಿಲ್ಲ.
ಎಲ್ಲಾ ಮರಿ ಹಾರ್ಯಾವ, ಒಂದು ಬಿಟ್ಟು.
ಅದು ಕಲ್ಲಿನ ಬೋಳು ನೆತ್ತಿ ಮ್ಯಾಲ ಕುಂತದ,
ಕಾಲ ಬೆರಳಿಗೆ ನೀರು ಹತ್ತಿದ್ರೂ
ಹೋಗ್ಲೋ ಬ್ಯಾಡೋ ಅಂತ.
ನಾ ಡಬ್ಬಿ ಕೈಯಾಗ ಹಿಡದು ನಿಂತೀನಿ.
ಇನ್ನೂ ಬಾರಿಸಿಲ್ಲ.