ಕುಲುಮೆ ದೊಡ್ಡದು ಮಾಡಿದ ದಿನ

ಗಾಜಿನ ಕುಲುಮೆಗೆ ರಜೆಯಿಲ್ಲ.
ಭಾನುವಾರವೂ ಉರಿಯಬೇಕು, ಕ್ರಿಸ್‌ಮಸ್ಸಿಗೂ ಉರಿಯಬೇಕು,
ಯಾರೂ ಊದದ ರಾತ್ರಿಯೂ
ಸಾವಿರದ ನೂರು ಡಿಗ್ರಿಯಲ್ಲಿ ಎಚ್ಚರಿರಬೇಕು.
ಆರಿದರೆ ಒಳಗಿನ ಮೂಸೆ ಬಿರಿಯುತ್ತದೆ.
ಹೀಗೆ ಹತ್ತೊಂಬತ್ತು ವರ್ಷ ಉರಿಸಿದಳು
ಸ್ಟೌರ್‌ಬ್ರಿಜ್‌ನ ಕಾಲುವೆ ಪಕ್ಕದ ಷೆಡ್ಡಿನಲ್ಲಿ
ಲಿನೆಟ್ ಪಾರ್ಗಿಟರ್;
ಕೊನೆಯ ಆರು ವರ್ಷ ನಾನು ಅವಳ ಕೈಕೆಳಗೆ.

ಮೊದಲ ದಿನ ಕಬ್ಬಿಣದ ಕೊಳವೆ ಕೈಗಿತ್ತಾಗ
ನೆನಪಾದದ್ದು ಸೌದೆ ಒಲೆಯ ಊದುಗೊಳವೆ.
ನಕ್ಕೆ. ಅವಳು ನಗಲಿಲ್ಲ.
"ಊದು," ಎಂದಳು, "ಕೆನ್ನೆಯಿಂದಲ್ಲ, ಹೊಟ್ಟೆಯಿಂದ."

ಅವಳಿಂದ ಕಲಿತದ್ದರಲ್ಲಿ ಅರ್ಧ, ಬಿಸಾಡುವುದು.
ಇಡೀ ಬೆಳಗು ತಿರುಗಿಸಿದ ಹೂಜಿ
ಕತ್ತಿನ ಬಳಿ ಕೂದಲೆಳೆಯಷ್ಟು ವಾಲಿದರೆ
ನನ್ನ ಕಣ್ಣಿಗೆ ಕಾಣುವ ಮೊದಲೇ
ಠಣ್ಣೆಂದು ಬಕೆಟ್ಟಿಗೆ.
ನಾನು ಅಯ್ಯೋ ಅನ್ನುವಷ್ಟರಲ್ಲಿ
ಹೊಸ ಉಂಡೆ ಸುತ್ತಿಕೊಂಡಾಗಿರುತ್ತಿತ್ತು.
"ಚೂರೆಲ್ಲ ಮತ್ತೆ ಮೂಸೆಗೇ ಹೋಗುತ್ತದೆ, ಅಳಬೇಡ."

ಅಂಥವಳಿಗೆ ಲೆಕ್ಕದ ಪುಸ್ತಕ ವಾಲಿದ್ದು ಮಾತ್ರ ಕಾಣಲಿಲ್ಲ.
ಅಥವಾ ಕಂಡಿತ್ತು.
ಗ್ಯಾಸಿನ ಬಿಲ್ಲು ಒಂದಕ್ಕೆ ಮೂರಾಯಿತು,
ಬರ್ಮಿಂಗ್‌ಹ್ಯಾಮಿನ ಗ್ಯಾಲರಿ ಬೀಗ ಜಡಿಯಿತು,
ಅಕ್ಕನಿಂದ ಸಾಲ, ಆಮೇಲೆ ವ್ಯಾನ್ ಮಾರಾಟ.
ಪ್ರತಿ ಜನವರಿ "ಈಸ್ಟರ್‌ವರೆಗೆ ನೋಡೋಣ",
ಪ್ರತಿ ಈಸ್ಟರ್ "ಕ್ರಿಸ್‌ಮಸ್ ಆರ್ಡರ್ ಬರಲಿ".
ನಾನೂ ಹೂಂಗುಟ್ಟಿದೆ. ಎರಡು ತಿಂಗಳ ಸಂಬಳ ಕೇಳಲಿಲ್ಲ.
ನಿಷ್ಠೆ ಅಂದುಕೊಂಡಿದ್ದೆ. ಹೆದರಿಕೆಯೂ ಇತ್ತು:
ಐವತ್ತರ ಹೊಸ್ತಿಲಲ್ಲಿ ಇನ್ನೆಲ್ಲಿ ಹೋಗಿ ಊದಲಿ?

ನವೆಂಬರಿನ ಒಂದು ಮಧ್ಯಾಹ್ನ, ಗಾಜಿನ ಸೇಬು.
ಉಡುಗೊರೆ ಅಂಗಡಿಗೆ ಮುನ್ನೂರು, ತೊಟ್ಟು ಹಸಿರು.
ಇನ್ನೂರ ಹನ್ನೊಂದನೆಯದನ್ನು ಹಿಡಿದು ನಿಂತಳು.
ಎಲ್ಲೂ ವಾಲಿಲ್ಲ, ಗುಳ್ಳೆಯಿಲ್ಲ, ಗೆರೆಯಿಲ್ಲ.
"ಇದನ್ನು ಮಾಡುವಾಗ ನಾನಿಲ್ಲಿರಲಿಲ್ಲ," ಎಂದಳು.
"ರಾತ್ರಿಗೆ ಆಲೂಗೆಡ್ಡೆ ಬೇಯಿಸಲೋ ಹುರಿಯಲೋ
ಅಂತ ಯೋಚಿಸುತ್ತಿದ್ದೆ. ನಿನ್ನೆಯೂ. ಹೋದ ವಾರವೂ."
ಸೇಬನ್ನು ಬಕೆಟ್ಟಿಗೆ ಹಾಕಲಿಲ್ಲ.
ತಣಿಯುವ ಪೆಟ್ಟಿಗೆಯಲ್ಲಿಟ್ಟು ಮುನ್ನೂರನ್ನೂ ಮುಗಿಸಿದಳು,
ಕೊಟ್ಟ ಮಾತು ಅಂತ.

ಗುಂಡಿ ತಿರುಗಿಸುವ ದಿನ ಕೇಳಿದಳು,
ಇದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತಾರೆ?
ಹೇಳಿದೆ: ನಾವು ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ.
ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ.
ಡಬ್ಬಿಯ ತಳ ಕಂಡರೂ ಅಕ್ಕಿ ಹೆಚ್ಚಾಗಿದೆ ಅನ್ನಬೇಕು.
ಬಾಗಿಲು ಮುಚ್ಚುವುದಿಲ್ಲ, ಮುಂದೆ ಮಾಡುತ್ತೇವೆ.
ಹೊರಟವರು ಬರುತ್ತೇನೆ ಅನ್ನುತ್ತಾರೆ.
ತುಸು ಹೊತ್ತು ಸುಮ್ಮನಿದ್ದು
"ಹಾಗಾದರೆ ನೀವು ಯಾವುದನ್ನೂ ಬಿಡುವುದೇ ಇಲ್ಲ," ಎಂದಳು.
"ಬಿಡುತ್ತೇವೆ. ಬಾಯಿಬಿಟ್ಟು ಹೇಳುವುದಿಲ್ಲ."
"ನಾನು ಹೇಳುತ್ತೇನೆ," ಎಂದಳು. "ಮುಚ್ಚಿದೆ."

ತಣಿಯಲು ನಾಲ್ಕು ದಿನ ಹಿಡಿಯಿತು.
ಮೂರನೆಯ ಸಂಜೆ ಮೂಸೆ ಬಿರಿದ ಸದ್ದಿಗೆ
ಕಾಲುವೆಯ ಬಾತುಗಳು ಎದ್ದು ಹಾರಿದವು.
ಚಹಾ ಬಗ್ಗಿಸುತ್ತಿದ್ದ ಅವಳ ಕೈ ಅಲುಗಲಿಲ್ಲ.
ಅಲುಗಿದ್ದು ನಾನು ಒಡ್ಡಿದ್ದ ಬಟ್ಟಲು.

ಅವಳಿಗೀಗ ನಿದ್ದೆ ಬರುತ್ತದಂತೆ.
ನಾನು ಮಂಗಳವಾರ ಡಡ್ಲಿಗೆ ಬಸ್ಸು ಹಿಡಿದು
ಗಂಟೆಗೆ ನಲವತ್ತು ಪೌಂಡಿನ ಬಾಡಿಗೆ ಕುಲುಮೆಯೆದುರು
ಯಾರೂ ಕೇಳದ ಹೂಜಿಯ ಕತ್ತು ತಿರುಗಿಸುತ್ತೇನೆ.
ನಡುವೆ ಆಲೂಗೆಡ್ಡೆ ನೆನಪಾಗುತ್ತದೋ ಅಂತ
ನನ್ನನ್ನು ನಾನೇ ಕದ್ದು ನೋಡುತ್ತೇನೆ.
ಇನ್ನೂ ಇಲ್ಲ.

ಮೊನ್ನೆ ಒಂದು ವಾಲಿತು, ಕೂದಲೆಳೆಯಷ್ಟು.
ನನಗೇ ಮೊದಲು ಕಂಡಿತು.
ಹೆಚ್ಚಾಯಿತು, ಎಂದೆ
ಬಕೆಟ್ಟಿಗೆ.