ಟೆನ್-ಡರ್

ಖೇತವಾಡಿಯ ಹನ್ನೊಂದನೇ ಗಲ್ಲಿಯ ಪ್ರೆಸ್ಸಿನಲ್ಲಿ
ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲ.
ಇಂಗ್ಲಿಷು ನನಗೆ ತಲೆಕೆಳಗಾಗಿಯೇ ಪರಿಚಯ,
ಬೆರಳಿಗೆ ಮೊದಲು, ಕಣ್ಣಿಗೆ ಆಮೇಲೆ.

ಬಂದರಿನವರ ನೋಟೀಸು, ಟೆಂಡರ್ ಕರೆದಿದ್ದರು.
ಸಾಲು ತುಂಬಿತು, ಪದ ಮುಗಿದಿರಲಿಲ್ಲ.
ರಾತ್ರಿಶಾಲೆಯ ಕನ್ನಡದ ಕಿವಿ ನನ್ನದು:
'ಟೆ' ಮೇಲಿಟ್ಟು, ಪಕ್ಕಕ್ಕೊಂದು ಅಡ್ಡಗೆರೆ ತುರುಕಿ
'ನ್ಡರ್' ಅನ್ನು ಕೆಳಗಿನ ಸಾಲಿಗೆ ಇಳಿಸಿದೆ.
ನಮ್ಮಲ್ಲಿ ಹಾಗೇ ಅಲ್ಲವೇ,
ಒತ್ತು ತನ್ನ ಅಕ್ಷರದ ಕಾಲು ಹಿಡಿದೇ ಇರುತ್ತದೆ,
ಸಾಲು ಮುರಿದರೂ ಬಿಡುವುದಿಲ್ಲ.

ಮಿಸ್ಕಿಟಾ ಮಾಸ್ತರರ ಕೆಂಪು ಪೆನ್ಸಿಲು ಸುತ್ತು ಹಾಕಿತು.
ಸುತಳಿ ಕಟ್ಟಿದ ಡಿಕ್ಷನರಿ ಬಿಚ್ಚಿ
ಪದದ ನಡುವಿನ ಚುಕ್ಕೆಯ ಮೇಲೆ ಉಗುರಿಟ್ಟರು:
"ಇಲ್ಲಿ. ಇದೊಂದೇ ಕಡೆ ಮುರಿಯಬಹುದು, ನೋವಾಗದ ಹಾಗೆ."

ಟೆನ್.
ಡರ್.
ಮಷೀನಿನ ರಾಮಸುಮೇರ್ ನಕ್ಕ:
ಟೆನ್ ಅಂದರೆ ಹತ್ತು, ಡರ್ ಅಂದರೆ ನಮ್ಮ ಕಡೆ ಹೆದರಿಕೆ,
ಹತ್ತು ಹೆದರಿಕೆ ಕೂಡಿಸಿದರೆ ಒಂದು ನೋಟೀಸು!
ಅವನ ಲೆಕ್ಕವೇನೂ ತಪ್ಪಲ್ಲ. ಆ ತಿಂಗಳು
ಇನ್ನೂ ಪಗಾರ ಆಗಿರಲಿಲ್ಲ.

ಊಟದ ಬಿಡುವಿನಲ್ಲಿ ಆ ಪುಟ ಓದಿದೆ, ಎಡಗೈಯಲ್ಲಿ ಒತ್ತಿಹಿಡಿದು.
ಅಬ್ಬ, ಒಂದು ಪದಕ್ಕೆ ಎಷ್ಟು ಬಿಡಾರ!
ಚೌಪಾಟಿಯಲ್ಲಿ ಕತ್ತಿಗೆ ಕಾದಿರುವ ಎಳೆ ಬೊಂಡ,
ಮುಚ್ಚಿದ ಲಕೋಟೆಯೊಳಗಿನ ದರ,
ಸಾಲ ತೀರಿಸಲು ಚಾಚಿದ ನೋಟು,
ಉಗಿಬಂಡಿಯ ಬೆನ್ನಿಗಂಟಿದ ಕಲ್ಲಿದ್ದಲ ಡಬ್ಬಿ,
ನಡುನೀರಲ್ಲಿ ನಿಂತ ಹಡಗಿಗೆ
ಭಾವೂಚಾ ಧಕ್ಕಾದಿಂದ ನೀರು, ನೀರುಳ್ಳಿ ಒಯ್ಯುವ ದೋಣಿ,
ಚೆನ್ನಾಗಿ ಬೆಂದ ಮಾಂಸ,
ಮತ್ತೆ ವಯಸ್ಸು, ಇನ್ನೂ ಬಲಿಯದ್ದು.
ಈ ಊರಿನ ಕ್ಯಾಂಟೀನಿಗೆ ಕಪ್ಪುಬಸಿ ತೊಳೆಯಲು ಬಂದಾಗ
ನನಗೆ ಹನ್ನೊಂದು.
ಆ ಅರ್ಥದ ಎದುರು ಸ್ವಲ್ಪ ಹೊತ್ತು ಕೂತೆ.
ಕೊನೆಯದೊಂದು ಉಳಿದಿತ್ತು. ಅಷ್ಟರಲ್ಲಿ ಗಂಟೆ ಬಾರಿಸಿತು.

ಅದು ಸಿಕ್ಕಿದ್ದು ಎರಡು ಮಳೆಗಾಲ ಕಳೆದು,
ನಾಯರ್ ಆಸ್ಪತ್ರೆಯಲ್ಲಿ.
ವಾರಿಜಳ ಹೊಟ್ಟೆಯ ಬಲಗಡೆ
ಡಾಕ್ಟರಮ್ಮ ಎರಡು ಬೆರಳು ಒತ್ತಿ, ತಟ್ಟನೆ ಬಿಟ್ಟರು.
ಇವಳು ನನ್ನ ಮಣಿಕಟ್ಟು ಹಿಡಿದಳು.
ಕೇಸ್ ಪೇಪರಿನ ಅಂಚಿಗೆ ಬಂದ ಬರಹ
ಜಾಗ ಸಾಲದೆ
ಟೆನ್, ಒಂದು ಗೆರೆ,
ಕೆಳಗೆ ಡರ್.
ಸರಿಯಾಗಿಯೇ ಮುರಿದಿದ್ದರು.

"ಏನಂತೆ?"
ಬಾಯಿ ತುಂಬ ಅರ್ಥಗಳು. ಯಾವುದನ್ನು ಉಗುಳಲಿ?
"ಎಳೆಯದು ಅಂತ ಬರೆದಿದ್ದಾರೆ," ಅಂದೆ, "ಬೊಂಡದ ಹಾಗೆ."
"ಮೊಳೆ ಜೋಡಿಸುವವನಿಗೆ
ಓದಲು ಬರುವುದಿಲ್ಲ," ಅಂದಳು ಹಲ್ಲು ಕಚ್ಚಿ.

ಸ್ಟ್ರೆಚರು ಹೊರಟಿತು, ನಾನೂ ಜೊತೆಗೆ ಓಡಿದೆ.
ಒಳಗಿನ ಬಾಗಿಲಲ್ಲಿ ವಾರ್ಡ್‌ಬಾಯ್ ತಡೆದು
ಅವಳ ಬೆರಳುಗಳನ್ನು ಬಿಡಿಸತೊಡಗಿದ,
ಕಿರುಬೆರಳಿಂದ ಶುರುಮಾಡಿ, ಒಂದೊಂದಾಗಿ.
ಅಲ್ಲೆಲ್ಲೂ
ಚುಕ್ಕೆ ಇರಲಿಲ್ಲ.