ನಕಲು ಪ್ರತಿ

ಬುಧವಾರ ವಿರಾಜಪೇಟೆಗೆ ಸಂತೆ.
ಹನ್ನೊಂದಕ್ಕೆಲ್ಲ ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲ.
ಕೌಂಟರಿನಲ್ಲಿ ಕೂತು ದಿನಕ್ಕೆ ಇನ್ನೂರು ಸಲ
ನಾನು ಕೇಳುವ ಪ್ರಶ್ನೆ ಒಂದೇ:
ಬಿಲ್ ಬೇಕಾ?

ರೋಲಿಗೆ ದುಡ್ಡಾಗುತ್ತದೆಂದು ಸಾಹುಕಾರರು ಕಲಿಸಿದ ಪ್ರಶ್ನೆ.
ಬೇಡ ಅನ್ನುವ ಹಾಗೆ ಕೇಳಬೇಕು ರಮ್ಲಾ, ಎಂದು
ರಾಗವನ್ನೂ ಹೇಳಿಕೊಟ್ಟಿದ್ದಾರೆ.

ಹೆಚ್ಚಿನವರು ಬೇಡ ಅನ್ನುತ್ತಾರೆ.
ಕೆಲವರು ತೆಗೆದುಕೊಂಡು, ಮೆಟ್ಟಿಲಿಳಿಯುವ ಮೊದಲೇ
ಉಂಡೆ ಮಾಡಿ, ಛತ್ರಿ ಇಡುವ ಬಕೆಟ್ಟಿಗೆ ಎಸೆಯುತ್ತಾರೆ.
ಚಿಟ್ಟಿಯಪ್ಪ ಮೇಷ್ಟ್ರು ಮಾತ್ರ
ಸಾಲುಸಾಲಿಗೂ ಬೆರಳಿಟ್ಟು ಓದಿ,
ಮೂರು ರೂಪಾಯಿ ಹೆಚ್ಚು ಹಿಡಿದದ್ದನ್ನು ತೋರಿಸಿ,
ಬಿಲ್ಲನ್ನು ನಾಲ್ಕಾಗಿ ಮಡಚಿ ಜೇಬಿಗಿಡುತ್ತಾರೆ.
ವರ್ಷಕ್ಕೊಂದು ಬಿಸ್ಕತ್ತಿನ ಡಬ್ಬಿಯಂತೆ ಅವರ ಮನೆಯಲ್ಲಿ.
ಬೂಷ್ಟು ಹಿಡಿಯದಿರಲೆಂದು ಹೆಂಡತಿ ಡಬ್ಬಿಗಳನ್ನು
ಒಲೆಯ ಮೇಲಿನ ಹಲಗೆಗೆ ಏರಿಸಿದ್ದರಂತೆ.
ಆಟಿ ಕಳೆದು ಇಳಿಸಿದರೆ ಎಲ್ಲ ಕಪ್ಪು,
ಒಣಗಿದ ಒಳ್ಳೆಮೆಣಸಿನ ಕಪ್ಪು.

ಒಲೆಯ ಶಾಖಕ್ಕೆ ಕಪ್ಪಾಗುತ್ತದೆ,
ಸುಮ್ಮನೆ ಬಿಟ್ಟರೆ ಬೆಳ್ಳಗಾಗುತ್ತದೆ ನಮ್ಮ ಬಿಲ್ಲು.
ನಡುವೆ ಒಂದಾರು ತಿಂಗಳು ಸತ್ಯ ಹೇಳುತ್ತದೆ.

ನನ್ನನ್ನು ಕೇಳಿದರೆ, ಈರುಳ್ಳಿಯ ಬಿಲ್ಲಿಗೆ
ಈರುಳ್ಳಿಯಷ್ಟೂ ಆಯಸ್ಸು ಬೇಡ.
ಒಣಮೀನಿನದ್ದಂತೂ ಬೇಡವೇ ಬೇಡ,
ಬಸ್ಸಿನ ತುಂಬ ಅದೇ ಸಾಕ್ಷಿ ಹೇಳಿಕೊಳ್ಳುತ್ತದೆ.
ಮಿಕ್ಸಿಯದ್ದು, ಟಾರ್ಚಿನದ್ದು ಇರಲಿ.
ಹೀಗೆ ಅಂದುಕೊಂಡೇ ನಾಲ್ಕು ವರ್ಷ ಕೂತಿದ್ದೆ.

ಚಾತಿ ನನ್ನ ಪ್ರಶ್ನೆ ಮುಗಿಯಲು ಬಿಡುವುದಿಲ್ಲ,
ಕೈ ಚಾಚಿಯೇ ಇರುತ್ತಾಳೆ.
ಬೆಂಕಿಪೊಟ್ಟಣಕ್ಕೂ ಬೇಕು.
ಓದಲು ಬಾರದವಳಿಗೆ ಇದ್ಯಾಕೆ, ಎಂದು
ಹಿಂದೆ ನಿಂತವರೊಬ್ಬರು ನಕ್ಕರು ಒಮ್ಮೆ.
ಓದೋರು ಬೇರೆ ಇದ್ದಾರೆ,
ಅಂದಳು, ತಿರುಗಿಯೂ ನೋಡದೆ.

ಮಳೆಗೆ ಮುಂಚೆ ನಮ್ಮಲ್ಲೇ ಕೊಂಡ ಗಂಬೂಟು.
ಅದೇ ಹಸಿರು, ಅದೇ ಅಳತೆಯದ್ದು
ತೋಟದ ಸ್ಟೋರಿನಲ್ಲೂ ಇತ್ತು.
ಕಾಫಿ ಕುಯ್ಲಿನ ಹೊತ್ತಿಗೆ ಗೇಟಿನಲ್ಲಿ ಚೀಲ ತಪಾಸಣೆ;
ಕಾವಲಿನವನ ಕಣ್ಣು ಚೀಲದಿಂದ ಕಾಲಿಗಿಳಿಯಿತು.
ಎಲೆಯಡಿಕೆ ಸಂಚಿಯ ಒಳಮಡಿಕೆಯಿಂದ
ಅವಳು ಬಿಲ್ಲು ತೆಗೆದು ಕೊಟ್ಟಳು.
ಅವನು ತಿರುಗಿಸಿದ. ಬೆಳಕಿಗೆ ಹಿಡಿದ.
ಒಂದಕ್ಷರವಿಲ್ಲ.

ಅವತ್ತು ಬರಿಗಾಲಲ್ಲಿ ಬಂದಳು,
ಸಂತೆಯ ನೂಕುನುಗ್ಗಲಿನಲ್ಲಿ ಎಲ್ಲರನ್ನೂ ದಾಟಿ
ಆ ಬಿಳಿ ಚೂರನ್ನು ನನ್ನ ಮುಂದಿಟ್ಟಳು.
ಹೊಸ ನೋಟು ಕೊಡುವವರು ಇಡುವಂತೆ, ಚಪ್ಪಟೆಯಾಗಿ.
ನೀನು ಕೊಟ್ಟಿದ್ದು. ಏನು ಬರೆದಿತ್ತು ಇದರಲ್ಲಿ?

ಜೂನಿನ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಕೆದಕಿದೆ.
ಕ್ಯೂ ಬಾಗಿಲ ತನಕ ಬೆಳೆಯಿತು, ಸಾಹುಕಾರರು ಕೆಮ್ಮಿದರು.
ಸಿಕ್ಕಿತು: ಗಂಬೂಟು ಒಂದು ಜೊತೆ, ಏಳನೇ ನಂಬರು,
ಮುನ್ನೂರ ಎಂಬತ್ತು, ನಗದು.
ಮಷೀನು ಗರಗರ ಎಂದು ಉಗುಳಿತು.
ಮೇಲೆ ದಪ್ಪಕ್ಷರದಲ್ಲಿ: ನಕಲು ಪ್ರತಿ.
ಓದಿ ಹೇಳು, ಅಂದಳು. ಓದಿದೆ.
ನಕಲು ಅಂದರೆ ಅವನು ಒಪ್ಪಲ್ಲ. ಅಸಲು ಎಲ್ಲಿ?

ಅಸಲು ಅವಳ ಬೆರಳ ಕೆಳಗೇ ಇತ್ತು, ಬೋಳಾಗಿ.

ಬಾಲ್ ಪೆನ್ನು ತೆಗೆದು ಅದರ ಮೇಲೆಯೇ ಬರೆದೆ,
ವಸ್ತು, ಅಳತೆ, ದುಡ್ಡು, ತಾರೀಕು, ಅವಳ ಹೆಸರು.
ನನ್ನ ಹೆಸರೂ.
ಅಂಗಡಿಯ ಸೀಲು ಒತ್ತುವಾಗ
ಸಾಹುಕಾರರ ಕೆಮ್ಮು ನಿಂತಿತ್ತು.

ಬೂಟು ವಾಪಸು ಸಿಕ್ಕಿತು. ಕ್ಷಮೆಯ ಮಾತು
ಯಾರೂ ಆಡಲಿಲ್ಲ ಎಂದು ಮುಂದಿನ ವಾರ ಹೇಳಿದಳು,
ಬೆಲ್ಲ ತೂಗಿಸಿಕೊಳ್ಳುತ್ತ.

ಈಗ ಆ ಬೂಟಿನ ಹಿಮ್ಮಡಿ ಒಡೆದಿದೆ.
ನೀರು ನುಗ್ಗುತ್ತದೆ, ಜಿಗಣೆಗೂ ದಾರಿಯಾಗಿದೆ,
ಹೊಸದು ಕೊಳ್ಳಲು ಬಂದಿದ್ದಾಳೆ.
ಹಳೆಯದನ್ನು ಬಿಸಾಡಿದೆಯಾ? ಹೂಂ.
ಅದರ ಬಿಲ್ಲು?
ಸಂಚಿಯನ್ನು ಸೊಂಟಕ್ಕೆ ಇನ್ನಷ್ಟು ಒತ್ತಿಕೊಂಡಳು.

ರೋಲು ಮುಗಿಯುತ್ತ ಬಂದಿದೆ,
ಎರಡೂ ಅಂಚಿಗೆ ಕೆಂಪು ಗೆರೆ.
ನಾನು ಬಿಲ್ಲನ್ನು ಹರಿದು, ಪೆನ್ನಿನ ಮುಚ್ಚಳ ಕಚ್ಚಿ ತೆಗೆಯುತ್ತೇನೆ.
ಹಿಂದಿನವರೇ, ಸ್ವಲ್ಪ ತಡೆಯಿರಿ.